ಕೊನೆಯ ನಳದ ಕ್ಲೋರಿನ್: ಸಿರವಾರ ಸೀಮೆಯ ಕುಡಿಯುವ ನೀರಿನ ಕುರಿತು ಒಂದು ಟಿಪ್ಪಣಿ

2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಳದ ನೀರು ಕುಡಿದವರಿಗೆ ವಾಂತಿಭೇದಿ ಶುರುವಾಯಿತು. ಜೂನ್ ಹೊತ್ತಿಗೆ ಆಸ್ಪತ್ರೆಗಳು ತುಂಬಿದವು, ಕನಿಷ್ಠ ಐವರು ತೀರಿಕೊಂಡರು. ಸರ್ಕಾರ ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ರಾಂಪುರ ಕೆರೆಯ ನೀರು ಶುದ್ಧೀಕರಣ ಘಟಕದ ಸ್ಥಿತಿಗತಿ ಊರಿನ ಮಾತಾಯಿತು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಹಲವರು ಹಾಸಿಗೆ ಹಿಡಿದರು. ಒಂದು ಮಗು ಉಳಿಯಲಿಲ್ಲ. ಎರಡೂ ಸಲ ಜನ, ಅಧಿಕಾರಿಗಳು, ವರದಿಗಾರರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ನೀರಿಗೆ ಕ್ಲೋರಿನ್ ಹಾಕಿದ್ದರೋ ಇಲ್ಲವೋ?

ಪ್ರಶ್ನೆ ಸಹಜ, ಆದರೆ ಸಾಲದು. ಹಾಕಿದ ಕ್ಲೋರಿನ್ನಿಗೂ ಉಳಿದ ಕ್ಲೋರಿನ್ನಿಗೂ ನಡುವೆ ಬಹಳ ದೂರವಿದೆ. ರಾಯಚೂರು ಜಿಲ್ಲೆಯಲ್ಲಿ, ಅದರಲ್ಲೂ ಸಿರವಾರ, ಮಾನ್ವಿ, ದೇವದುರ್ಗಗಳ ಕಡೆ, ಆ ದೂರ ಇನ್ನೂ ಹೆಚ್ಚು. ಇಲ್ಲಿನ ನೀರು, ಬಿಸಿಲು, ಕರೆಂಟು, ಪೈಪು, ಇವೆಲ್ಲ ಸೇರಿ ಕ್ಲೋರಿನ್ನನ್ನು ದಾರಿಯಲ್ಲೇ ತಿಂದುಹಾಕುವ ಪರಿಯನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಟಿಪ್ಪಣಿಯ ಕೆಲಸ. ತೊಟ್ಟಿಗೆ ಸುರಿದ ಪುಡಿಯ ತೂಕ ನಮಗೆ ಹೆಚ್ಚೇನೂ ಹೇಳುವುದಿಲ್ಲ, ಸಾಲಿನ ಕೊನೆಯ ಮನೆಯ ನಳದಲ್ಲಿ ಸಿಗುವ ಅಳತೆಯೊಂದೇ ನಂಬತಕ್ಕದ್ದು ಎಂಬುದು ನನ್ನ ನಿಲುವು.

ಮೊದಲು ನೆಲದ ವಿಚಾರ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ಹೊಳೆಗಳ ನಡುವೆ ಇದ್ದೂ ಕುಡಿಯುವ ನೀರಿಗೆ ಪರದಾಡುವುದು ಇಲ್ಲಿನ ಹಳೆಯ ವ್ಯಥೆ. ಅಡಿಯಲ್ಲಿ ಗ್ರಾನೈಟ್, ನೈಸ್ ಬಂಡೆ. ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಾಗಾಗಿ ಆಸರೆಯೆಲ್ಲ ಕಾಲುವೆಯ ಮೇಲೆ. ಸಿರವಾರ ಮೊದಲು ಮಾನ್ವಿ ತಾಲ್ಲೂಕಿಗೆ ಸೇರಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯ ಜೊತೆ ಇದೂ ಒಂದು. ಕಲ್ಲೂರು, ಸಿರವಾರ, ಕವಿತಾಳ ಎಂದು ರಾಯಚೂರು–ಲಿಂಗಸುಗೂರು ರಸ್ತೆಗುಂಟ ಹೋದರೆ ಸಿಗುವ ಈ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ್ದು. ಕಾಲುವೆಯ ಉದ್ದ 227 ಕಿಲೊಮೀಟರ್. ಮೇಲಿನವರು ಎಷ್ಟು ಬಿಟ್ಟರೆ ಅಷ್ಟು ಕೆಳಗಿನವರಿಗೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬರುತ್ತದೆ.

ಜಲಾಶಯ ತಗ್ಗಿ ಬೇಸಿಗೆಯ ಮುಖಕ್ಕೆ ಕಾಲುವೆ ನಿಂತರೆ ಮತ್ತೆ ನೀರು ಬರುವುದು ಮುಂಗಾರಿನ ಒಳಹರಿವು ಬಂದ ಮೇಲೆ. ನಡುವಿನ ತಿಂಗಳುಗಳನ್ನು ಊರುಗಳು ತುಂಬಿಸಿಟ್ಟುಕೊಂಡ ಕೆರೆಯ ನೀರಿನಲ್ಲೇ ಕಳೆಯಬೇಕು. ರಾಯಚೂರಿನ ಅನಾಹುತವೂ ರೇಕಲಮರಡಿಯದ್ದೂ ಮೇ ತಿಂಗಳಲ್ಲೇ ಆದದ್ದನ್ನು ನಾನು ಬರೀ ಕಾಕತಾಳೀಯವೆಂದು ಬಿಡಲಾರೆ. ಎರಡರ ಕಾರಣಗಳು ಬೇರೆಬೇರೆ ಇದ್ದಿರಬಹುದು. ಆದರೆ ನೀರು ಕಡಿಮೆಯಾಗಿ, ಇದ್ದ ನೀರು ಕೆಟ್ಟು, ಪೈಪುಗಳು ಖಾಲಿ ನಿಂತಿರುವ ಹೊತ್ತು ಅದೇ.

ಇನ್ನು ಕ್ಲೋರಿನ್ ಮಾಡುವ ಕೆಲಸ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕರಗಿದಾಗ ಹೈಪೊಕ್ಲೋರಸ್ ಆಮ್ಲ ಹುಟ್ಟುತ್ತದೆ. ಅದು ರೋಗಾಣುವಿನ ಹೊರಪೊರೆ ದಾಟಿ ಒಳಗಿನ ಕಿಣ್ವಗಳನ್ನು ಕೆಡಿಸುತ್ತದೆ. ಕಾಲರಾ, ಟೈಫಾಯ್ಡ್ ಬ್ಯಾಕ್ಟೀರಿಯಾಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ವೈರಸ್‌ಗಳಿಗೆ ಹೆಚ್ಚು ಹೊತ್ತು ಬೇಕು, ಜಿಯಾರ್ಡಿಯಾಗೆ ಇನ್ನೂ ಹೆಚ್ಚು, ಕ್ರಿಪ್ಟೊಸ್ಪೊರಿಡಿಯಮ್ ಅಂತೂ ಕುಡಿಯಬಹುದಾದ ಪ್ರಮಾಣದ ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಅದನ್ನು ಮರಳಿನ ಸೋಸುವ ತೊಟ್ಟಿಯಲ್ಲೇ ತಡೆಯಬೇಕು. ಫಿಲ್ಟರ್ ಬೆಡ್ ತೊಳೆಯದೆ ಕ್ಲೋರಿನ್ ಹೆಚ್ಚಿಸುತ್ತೇವೆ ಎನ್ನುವ ಲೆಕ್ಕಾಚಾರ ಇಲ್ಲಿಯೇ ಮುಗ್ಗರಿಸುತ್ತದೆ.

ಆದರೆ ಕ್ಲೋರಿನ್ನಿಗೆ ರೋಗಾಣು ಬೇರೆ, ಕೊಳೆತ ಎಲೆ ಬೇರೆ ಎಂಬ ಭೇದವಿಲ್ಲ. ಪಾಚಿ, ಕಬ್ಬಿಣ, ಹೂಳಿಗಂಟಿದ ಸಾವಯವ ಕಸ, ಎದುರು ಸಿಕ್ಕ ಎಲ್ಲದರ ಮೇಲೂ ಅದು ಖರ್ಚಾಗುತ್ತದೆ. ಅದೆಲ್ಲದರ ಬೇಡಿಕೆ ತೀರಿದ ಮೇಲೆ ಮಿಕ್ಕದ್ದೇ ಉಳಿಕೆ ಕ್ಲೋರಿನ್. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿ ಈ ಉಳಿಕೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆನ್ನುತ್ತದೆ. ವೈರಸ್ ಭಯವಿದ್ದಾಗ 0.5. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 30 ನಿಮಿಷದ ಸಂಪರ್ಕದ ನಂತರ 0.5 ಇರಲಿ, ಪಿಎಚ್ 8ಕ್ಕಿಂತ ಕೆಳಗಿರಲಿ ಎನ್ನುತ್ತದೆ.

ಪಿಎಚ್‌ನ ಈ ಷರತ್ತನ್ನು ನಮ್ಮ ಕಡೆ ಯಾರೂ ಗಮನಿಸುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೈಪೊಕ್ಲೋರಸ್ ಆಮ್ಲ ಕ್ಷಾರದ ನೀರಿನಲ್ಲಿ ಒಡೆದು ಹೈಪೊಕ್ಲೋರೈಟ್ ಆಗುತ್ತದೆ. ಕೊಲ್ಲುವ ಶಕ್ತಿಯಲ್ಲಿ ಇದು ಆಮ್ಲರೂಪಕ್ಕಿಂತ ಹತ್ತಾರು ಪಟ್ಟು ಕೆಳಗೆ. ಪಿಎಚ್ ಸುಮಾರು 7.5 ಇದ್ದಾಗ ಎರಡೂ ಅರ್ಧರ್ಧ. 8ಕ್ಕೆ ಏರಿದರೆ ಆಮ್ಲರೂಪ ಕಾಲುಭಾಗ. 8.5ಕ್ಕೆ ಹೋದರೆ ಹತ್ತರಲ್ಲೊಂದು ಪಾಲು ಮಾತ್ರ. 8.5 ಎಂಬುದು ನಮ್ಮ ಮಾನಕದ ಪ್ರಕಾರ ಕುಡಿಯಲು ಯೋಗ್ಯ ನೀರಿನ ಮೇಲಿನ ಎಲ್ಲೆ! ಎಂದರೆ ಪಿಎಚ್ ಪಾಸು, ಉಳಿಕೆ ಕ್ಲೋರಿನ್ ಪಾಸು ಎಂದು ವರದಿ ಬಂದ ನೀರಿನಲ್ಲಿ ನಿಜವಾಗಿ ಕೆಲಸ ಮಾಡುವ ಕ್ಲೋರಿನ್ ಹತ್ತನೇ ಒಂದಂಶ ಇರಬಹುದು. ನಿಂತ ಕೆರೆಯಲ್ಲಿ ಹಸಿರು ಪಾಚಿ ಹಬ್ಬಿದ್ದರೆ ಇದು ಇನ್ನೂ ಬಿಗಡಾಯಿಸುತ್ತದೆ. ಹಗಲಿನ ಬಿಸಿಲಿಗೆ ಪಾಚಿ ನೀರಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ಬೆಳಗಿನ ಜಾವ ಎತ್ತಿದ ನೀರಿಗೂ ಮಧ್ಯಾಹ್ನ ಮೂರಕ್ಕೆ ಎತ್ತಿದ ನೀರಿಗೂ ಒಂದೇ ಕೆರೆಯಲ್ಲಿ ವ್ಯತ್ಯಾಸವಿರುತ್ತದೆ. ಕೆರೆಯಿಂದ ನೀರೆತ್ತುವ ಹೊತ್ತನ್ನು ಬೆಳಗಿನ ಜಾವಕ್ಕೆ ಬದಲಿಸುವುದು ಕಾಸಿಲ್ಲದ ಸುಧಾರಣೆ. ಆದರೆ ಮೋಟಾರಿನ ಹೊತ್ತು ನಿರ್ಧರಿಸುವುದು ತ್ರೀ ಫೇಸ್ ಕರೆಂಟು.

ಕರೆಂಟಿನದೇ ಇನ್ನೊಂದು ಕೇಡು ಇದೆ. ಕರೆಂಟು ಬಂದೊಡನೆ ಟ್ಯಾಂಕಿಗೆ ನೀರೇರಿಸಿ, ಅದೇ ಹೊತ್ತಿಗೆ ಕೆಳಗಿನ ವಾಲ್ವ್ ತಿರುಗಿಸಿ ಓಣಿಗಳಿಗೆ ಬಿಡುವುದು ಹಳ್ಳಿಗಳ ವಾಡಿಕೆ. ಕಾಯುವ ಜನರ ಮುಂದೆ ವಾಲ್‌ಮನ್ ಇನ್ನೇನು ಮಾಡಿಯಾನು? ಆದರೆ ಅಲ್ಲಿ ಅರ್ಧ ಗಂಟೆಯ ಸಂಪರ್ಕ ಸಮಯ ಎಂಬುದೇ ಇರುವುದಿಲ್ಲ. ಪುಡಿ ಬೆರೆತ ನೀರು ಹತ್ತು ನಿಮಿಷದಲ್ಲಿ ಕೊಡ ಸೇರುತ್ತದೆ. ಮುಂದಿನ ಕೊಲ್ಲುವ ಕೆಲಸ ಮನೆಯ ಹರಿವಿಯಲ್ಲಿ ನಡೆಯಬೇಕು, ಅಲ್ಲಿಯವರೆಗೆ ಯಾರೂ ಕುಡಿಯದಿದ್ದರೆ.

ಪುಡಿಯ ಚೀಲದ ಕಥೆ ಬೇರೆ. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಶೇಕಡಾ 33 ಲಭ್ಯ ಕ್ಲೋರಿನ್ ಇರುತ್ತದೆ. ಗಾಳಿ, ತೇವ, ಬೆಳಕು, ಶಾಖ, ಈ ನಾಲ್ಕೂ ಅದರ ವೈರಿಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ತಗಡಿನ ಸೂರಿನ ಕೋಣೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಎಷ್ಟು ದಿನ ಬಾಳೀತು? ಲೆಕ್ಕ ಹೀಗೆ: 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಕೊಡಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಪುಡಿ ಹೊಸದಿದ್ದರೆ 300 ಗ್ರಾಂ ಸಾಕು. ಶಕ್ತಿ ಶೇಕಡಾ 20ಕ್ಕೆ ಇಳಿದಿದ್ದರೆ ಅರ್ಧ ಕಿಲೊ, 10ಕ್ಕೆ ಇಳಿದಿದ್ದರೆ ಒಂದು ಕಿಲೊ. ರಿಜಿಸ್ಟರಿನಲ್ಲಿ ಮಾತ್ರ ಮೂರೂ ಸಲ ಅದೇ 300 ಗ್ರಾಂ ಇರುತ್ತದೆ. ಸಾಮಾಜಿಕ ವೈದ್ಯಶಾಸ್ತ್ರದ ಪಠ್ಯಗಳು ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಎನ್ನುತ್ತವೆ. ಅದು ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್ನಿಗೆ ಸಮ. ತಿಳಿ ನೀರಿಗೆ ಇದು ಸರಿಯಾದ ಪ್ರಮಾಣ. ಮೇ ತಿಂಗಳ ತಳ ಕಂಡ ಕೆರೆಯ ನೀರು ಇದನ್ನು ಕೆಲವೇ ನಿಮಿಷದಲ್ಲಿ ಪೂರಾ ನುಂಗಬಲ್ಲದು. ಉಳಿಕೆ ಸೊನ್ನೆ.

ಹಾಗಾದರೆ ಪರೀಕ್ಷೆ ಮಾಡಿದರೆ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಪರೀಕ್ಷೆಯನ್ನು ಬಲ್ಲವರು ಮಾಡಿದರೆ. ಹಳೆಯ ಪದ್ಧತಿ ಆರ್ಥೊಟೊಲಿಡಿನ್ ದ್ರಾವಣದ್ದು. ಕೆಲವು ಹನಿ ಬಿಟ್ಟರೆ ನೀರು ಹಳದಿಯಾಗುತ್ತದೆ, ಬಣ್ಣದ ಪಟ್ಟಿಯೊಡನೆ ಹೋಲಿಸಿ ಓದುತ್ತಾರೆ. ಇದರಲ್ಲಿ ಒಂದು ಬಲೆ ಇದೆ. ಮುಕ್ತ ಕ್ಲೋರಿನ್ ಹತ್ತು ಸೆಕೆಂಡಿನೊಳಗೆ ಬಣ್ಣ ಕೊಡುತ್ತದೆ. ಅಮೋನಿಯಾದೊಡನೆ ಕೂಡಿ ಕ್ಲೋರಮಿನ್ ಆಗಿರುವ ಕ್ಲೋರಿನ್ ನಿಧಾನವಾಗಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ, ಅದೇ ಹಳದಿಯನ್ನು ಕೊಡುತ್ತದೆ. ಕ್ಲೋರಮಿನ್ ಕೊಲ್ಲುವುದರಲ್ಲಿ ಬಹಳ ಮಂದ. ನಳಿಗೆಯನ್ನು ಕೈಯಲ್ಲಿ ಹಿಡಿದು ಮಾತಾಡುತ್ತ ನಿಂತು ಆಮೇಲೆ ಓದಿದರೆ ಕೆಟ್ಟ ನೀರೂ ಒಳ್ಳೆಯದಾಗಿ ಕಾಣುತ್ತದೆ. ಭತ್ತದ ಗದ್ದೆಗಳಿಗೆ ಯೂರಿಯಾ ಧಾರಾಳವಾಗಿ ಹಾಕುವ, ಗದ್ದೆಯ ಬಸಿನೀರು ಹಳ್ಳಕ್ಕೂ ಹಳ್ಳದ ನೀರು ಕೆರೆಗೂ ಸೇರಬಹುದಾದ ಮಾನ್ವಿ, ಸಿರವಾರದ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ತೀರಿಸಿ ಮುಕ್ತ ಕ್ಲೋರಿನ್ ಉಳಿಯಬೇಕಾದರೆ ಎಂಟರಿಂದ ಹತ್ತು ಮಿಲಿಗ್ರಾಂ ಕ್ಲೋರಿನ್ ಬೇಕಾಗುತ್ತದೆ. ಆರ್ಥೊಟೊಲಿಡಿನ್ ಕ್ಯಾನ್ಸರ್‌ಕಾರಕವೆಂಬ ಶಂಕೆಯೂ ಇದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆ ಎಲ್ಲ ರೀತಿಯಲ್ಲೂ ಮೇಲು, ಬೆಲೆ ಮಾತ್ರ ಸ್ವಲ್ಪ ಹೆಚ್ಚು.

ಇಷ್ಟೆಲ್ಲ ದಾಟಿ ಟ್ಯಾಂಕಿನಲ್ಲಿ 0.5 ಉಳಿಯಿತು ಎನ್ನೋಣ. ಮುಂದೆ ಪೈಪು. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬಿಡುವ ಊರಿನಲ್ಲಿ ಪೈಪು ಹೆಚ್ಚು ಕಾಲ ಖಾಲಿಯೇ ಇರುತ್ತದೆ. ಖಾಲಿ ಪೈಪಿನಲ್ಲಿ ಒತ್ತಡವಿಲ್ಲ. ಗಟಾರದ ಪಕ್ಕ, ಕೆಲವೆಡೆ ಗಟಾರದೊಳಗೇ, ಹಾದುಹೋದ ಪೈಪಿನ ಬಿರುಕಿನಿಂದ ಹೊರಗಿನ ಹೊಲಸು ಒಳಗೆ ಇಳಿಯುತ್ತದೆ. ನೀರು ಏರದ ಕಾರಣಕ್ಕೆ ಮನೆಯ ಮುಂದೆ ಗುಂಡಿ ತೋಡಿ ನಳವನ್ನು ಅದರೊಳಗೆ ಇಳಿಸಿರುತ್ತಾರೆ. ನೀರು ನಿಂತಾಗ ಗುಂಡಿಯ ನೀರೇ ನಳದೊಳಕ್ಕೆ ಹಿಂದಿರುಗುತ್ತದೆ. ಅದರ ಮೇಲೆ ಪೈಪಿಗೆ ನೇರ ಮೋಟಾರು ಹಚ್ಚಿ ಎಳೆಯುವವರು ಬೇರೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಅಧ್ಯಯನವಿದೆ. ಹುಬ್ಬಳ್ಳಿ–ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಕೊಡುವ ಪ್ರಾಯೋಗಿಕ ಯೋಜನೆ ಜಾರಿಯಾದ ಮೇಲೆ, ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಆ ಬಡಾವಣೆಗಳ ನೀರನ್ನು ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳ ನೀರಿನೊಡನೆ ಹೋಲಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬಿಟ್ಟುಬಿಟ್ಟು ಬರುವ ಕಡೆ ನಳದ ಮಾದರಿಗಳಲ್ಲಿ ಮೂರರಲ್ಲಿ ಒಂದರಷ್ಟರಲ್ಲಿ ಮಲದ ಸೂಚಕವಾದ ಇ. ಕೋಲಿ ಇತ್ತು, ದಿನವಿಡೀ ಬರುವ ಕಡೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಗಮನಿಸಬೇಕಾದದ್ದು ಊರು ಒಂದೇ, ಅದಕ್ಕೆ ಬರುವ ನೀರೂ ಒಂದೇ ಎಂಬುದನ್ನು. ವ್ಯತ್ಯಾಸವೆಲ್ಲ ಹುಟ್ಟಿದ್ದು ನಡುದಾರಿಯಲ್ಲಿ. ನೀರು ಬಿಟ್ಟ ಮೊದಲ ನಿಮಿಷಗಳ ನೀರೇ ಹೆಚ್ಚು ಕೆಟ್ಟದ್ದು ಎಂಬುದನ್ನೂ ಅವರ ಕೆಲಸ ತೋರಿಸಿತು. ನಮ್ಮ ಹೆಂಗಸರು ಮೊದಲು ಬಂದ ಕೆಂಪು ನೀರನ್ನು ಬಳಕೆಗೆ ಹಿಡಿದು, ತಿಳಿಯಾದ ಮೇಲೆ ಕುಡಿಯಲು ತುಂಬುವ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ. ರಾಯಚೂರಿನಂಥ ಕಡೆ ಘಟಕದ ಲೋಪವನ್ನಷ್ಟೇ ಹುಡುಕುತ್ತ ಕೂತರೆ ಅರ್ಧ ಸತ್ಯ ಪೈಪಿನಲ್ಲೇ ಉಳಿಯುತ್ತದೆ.

ಕ್ಲೋರಿನ್ನಿನ ವಿಶೇಷ ಗುಣ ಕಾಣುವುದು ಈ ಹಂತದಲ್ಲಿ. ಕುದಿಸುವುದು, ಸೋಸುವುದು, ಅಲ್ಟ್ರಾವಯೊಲೆಟ್ ಬೆಳಕು ಹಾಯಿಸುವುದು, ಇವೆಲ್ಲ ಆ ಕ್ಷಣದ ನೀರನ್ನು ಶುದ್ಧಗೊಳಿಸುತ್ತವೆ. ಮುಂದೆ ಸೇರುವ ಕೊಳೆಯ ಮೇಲೆ ಅವಕ್ಕೆ ಹಿಡಿತವಿಲ್ಲ. ಉಳಿಕೆ ಕ್ಲೋರಿನ್ ಮಾತ್ರ ನೀರಿನ ಜೊತೆಗೇ ಪ್ರಯಾಣಿಸುವ ಕಾವಲುಗಾರ. ಈಗ ಊರೂರಿಗೆ ಬಂದಿರುವ ಆರ್‌ಒ ಘಟಕಗಳ ಬಗ್ಗೆ ನನ್ನ ತಕರಾರು ಇದೇ. ಫ್ಲೋರೈಡ್ ಇರುವ ಊರಿಗೆ ಅವು ನಿಜಕ್ಕೂ ಬೇಕು, ಏಕೆಂದರೆ ಕ್ಲೋರಿನ್ ಫ್ಲೋರೈಡನ್ನೂ ಮುಟ್ಟುವುದಿಲ್ಲ, ನೈಟ್ರೇಟನ್ನೂ ಮುಟ್ಟುವುದಿಲ್ಲ. ಆದರೆ ಆರ್‌ಒ ನೀರಿನಲ್ಲಿ ಉಳಿಕೆ ಕ್ಲೋರಿನ್ ಇರುವುದಿಲ್ಲ. ತೊಳೆಯದ ಕ್ಯಾನಿನಲ್ಲಿ ತುಂಬಿ, ಲೋಟ ಅದ್ದಿ ತೆಗೆಯುತ್ತ ನಾಲ್ಕು ದಿನ ಇಟ್ಟರೆ ಅದಕ್ಕೆ ರಕ್ಷಣೆ ಯಾವುದು? ಶುದ್ಧ ಎಂಬ ಹೆಸರೇ ಜನರನ್ನು ಮೈಮರೆಸುತ್ತದೆ.

ವಾಸನೆಯ ದೂರನ್ನೂ ಹಗುರಾಗಿ ತೆಗೆದುಕೊಳ್ಳಬಾರದು. ಟ್ಯಾಂಕಿಗೆ ಪುಡಿ ಹಾಕಿದ ದಿನ ನೀರು ಔಷಧಿ ನಾರುತ್ತದೆಂದು ಚೆಲ್ಲಿ ಬೋರ್‌ವೆಲ್ಲಿಗೆ ಹೋಗುವವರುಂಟು. ರಾಯಚೂರಿನಲ್ಲಿ ಇದರರ್ಥ ಗಂಭೀರ: ಇಂದಿನ ವಾಂತಿಭೇದಿಯಿಂದ ತಪ್ಪಿಸಿಕೊಳ್ಳಬೇಕಾದ ನೀರನ್ನು ಬಿಟ್ಟು, ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡಿನ ಕಡೆ ನಡೆಯುವುದು. ಅವರನ್ನು ಅಜ್ಞಾನಿಗಳೆಂದು ಬಯ್ಯುವುದಕ್ಕಿಂತ ವಾಸನೆಯ ಕಾರಣ ಹುಡುಕುವುದು ಲೇಸು. ಘಾಟು ಬರುವುದು ಅನೇಕ ಸಲ ಕ್ಲೋರಿನ್ ಹೆಚ್ಚಾದ್ದರಿಂದಲ್ಲ, ಅಮೋನಿಯಾದೊಡನೆ ಕೂಡಿದ ಅರೆಬರೆ ಕ್ಲೋರಿನ್ನಿಂದ. ಇಲ್ಲವೇ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ತಿಳಿಯಾಗಲು ಬಿಡದೆ, ಸುಣ್ಣದ ಗಷ್ಟಿನ ಸಮೇತ ಟ್ಯಾಂಕಿಗೆ ಒಮ್ಮೆಲೇ ಸುರಿದದ್ದರಿಂದ. ಆಗ ಮೊದಲ ಓಣಿಯವರಿಗೆ ಘಾಟು, ಕೊನೆಯ ಓಣಿಯವರಿಗೆ ಬರೀ ನೀರು.

ಓದಿದವರು ಎತ್ತುವ ಆಕ್ಷೇಪ ಬೇರೆ: ಕ್ಲೋರಿನ್ನಿನಿಂದ ಕ್ಯಾನ್ಸರ್ ಬರುತ್ತದಂತೆ. ಮಾತಿಗೆ ಬುಡವಿದೆ. ನೀರಿನ ಸಾವಯವ ಕಸದೊಡನೆ ಕ್ಲೋರಿನ್ ಕೂಡಿದಾಗ ಟ್ರೈಹ್ಯಾಲೊಮೀಥೇನ್‌ಗಳು ಹುಟ್ಟುತ್ತವೆಂದು 1974ರಲ್ಲಿ ನೆದರ್ಲೆಂಡ್ಸಿನ ರೂಕ್ ತೋರಿಸಿಕೊಟ್ಟರು. ಪಾಚಿಗಟ್ಟಿದ ಕೆರೆಯ ನೀರಿಗೆ ಇದು ಅನ್ವಯಿಸುವ ಮಾತೇ. ಆದರೆ ಪರಿಹಾರ ಕ್ಲೋರಿನ್ ಬಿಡುವುದರಲ್ಲಿಲ್ಲ. ಆಲಂ ಹಾಕಿ, ತಿಳಿಗೊಳಿಸಿ, ಸೋಸಿ, ಕಸ ತೆಗೆದ ಮೇಲೆ ಕ್ಲೋರಿನ್ ಕೊಡುವುದರಲ್ಲಿದೆ. ಈ ಉಪಉತ್ಪನ್ನಗಳ ಅಂಜಿಕೆಗೆ ಸೋಂಕು ನಿವಾರಣೆಯನ್ನು ಸಡಿಲಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳಿದೆ.

ಚರಿತ್ರೆಯ ಒಂದು ಎಳೆ. ಊರಿನ ನೀರಿಗೆ ಸತತವಾಗಿ ಕ್ಲೋರಿನ್ ಕೊಟ್ಟ ಮೊದಲಿಗರನ್ನು ಹೆಸರಿಸುವಾಗ 1905ರ ಇಂಗ್ಲೆಂಡಿನ ಲಿಂಕನ್, 1908ರ ಅಮೆರಿಕದ ಜರ್ಸಿ ಸಿಟಿಗಳನ್ನು ಹೇಳುವುದು ವಾಡಿಕೆ. ಅದಕ್ಕೂ ಮೊದಲೇ, 1903ರಲ್ಲಿ, ಒತ್ತಿ ದ್ರವವಾಗಿಸಿದ ಕ್ಲೋರಿನ್ನಿನಿಂದ ನೀರು ಶುದ್ಧಿ ಮಾಡುವ ಕ್ರಮವನ್ನು ಬರೆದಿಟ್ಟವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ನೆಸ್‌ಫೀಲ್ಡ್. ಉತ್ತರ ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ನಾರುಹುಣ್ಣಿನದು. ಮೆಟ್ಟಿಲು ಬಾವಿಗಳ ನೀರಿನ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯಿಂದ ಹರಡುತ್ತಿದ್ದ ಈ ಕಾಯಿಲೆ ಈ ಭಾಗದ ಹಳ್ಳಿಗಳನ್ನು ಬಹಳ ಕಾಲ ಕಾಡಿತು. ಸೈಕ್ಲಾಪ್ಸ್ ಸಾಯಲು ಲೀಟರಿಗೆ 5 ಮಿಲಿಗ್ರಾಂನಷ್ಟು ಕ್ಲೋರಿನ್ ಬೇಕು, ಆ ನೀರು ಬಾಯಿಗಿಡಲಾಗದು. ಹಾಗಾಗಿ ಅಲ್ಲಿ ಟೆಮೆಫಾಸ್ ಔಷಧಿ, ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸುವುದು ಕೆಲಸಕ್ಕೆ ಬಂದವು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು, 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು.

ಈಗ ಪಂಚಾಯಿತಿ ಮಟ್ಟದಲ್ಲಿ ಆಗಬಹುದಾದ ಒಂದು ಕೆಲಸ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸುವ ಏರ್ಪಾಡಿದೆ. ಅವರ ಕೈಗೆ ಇನ್ನೊಂದು ಪರೀಕ್ಷೆಯನ್ನೂ ಕೊಡಬೇಕು. ಟ್ಯಾಂಕಿಗೆ ಏರುವ ನೀರನ್ನೇ ನಾಲ್ಕು ಬಕೆಟ್‌ಗಳಲ್ಲಿ 20 ಲೀಟರಿನಂತೆ ಹಿಡಿಯುವುದು. ಗೋದಾಮಿನಲ್ಲಿ ಆ ಹೊತ್ತಿಗೆ ಬಳಕೆಯಲ್ಲಿರುವ ಚೀಲದಿಂದಲೇ 30 ಗ್ರಾಂ ಪುಡಿ ತೆಗೆದು ಒಂದು ಲೀಟರ್ ನೀರಿನಲ್ಲಿ ಕಲಸಿ ತಿಳಿ ಬಸಿಯುವುದು. ಆ ತಿಳಿಯನ್ನು ಬಕೆಟ್‌ಗಳಿಗೆ ಕ್ರಮವಾಗಿ 2, 4, 6, 8 ಮಿಲಿಲೀಟರ್ ಹಾಕಿ, ಕದಡಿ, ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟು ಉಳಿಕೆ ಅಳೆಯುವುದು. ಯಾವ ಬಕೆಟ್ಟಿನಲ್ಲಿ 0.5 ಉಳಿದಿದೆಯೋ ಅದೇ ಆ ದಿನದ ಪ್ರಮಾಣ. 50,000 ಲೀಟರಿನ ಟ್ಯಾಂಕೆಂದರೆ ಇಂಥ 2,500 ಬಕೆಟ್; ಎರಡನೇ ಬಕೆಟ್ಟಿಗೆ ಗುರಿ ಸಿಕ್ಕಿದ್ದರೆ ಬೇಕಾದ ತಿಳಿ 10 ಲೀಟರ್, ಪುಡಿ 300 ಗ್ರಾಂ. ಈ ಕ್ರಮದ ಸೊಗಸೆಂದರೆ ಪುಡಿಯ ಶಕ್ತಿ ಎಷ್ಟು ಕುಂದಿದೆ ಎಂದು ಪ್ರಯೋಗಾಲಯಕ್ಕೆ ಕಳಿಸಿ ತಿಳಿಯಬೇಕಿಲ್ಲ. ಅದೇ ಚೀಲ, ಅದೇ ನೀರು, ಅದೇ ದಿನ. ಕುಂದಿದ ಶಕ್ತಿ ಲೆಕ್ಕದೊಳಗೆ ತಾನಾಗಿ ಸೇರಿರುತ್ತದೆ. ನಾಲ್ಕನೇ ಬಕೆಟ್ಟಿನಲ್ಲೂ ಏನೂ ಉಳಿಯದಿದ್ದರೆ ಚೀಲ ಸತ್ತಿದೆ ಇಲ್ಲವೇ ನೀರಿಗೆ ಕೊಳಚೆ ಸೇರಿದೆ. ಎರಡರಲ್ಲಿ ಯಾವುದೆಂದು ಶುದ್ಧ ನೀರಿನ ಐದನೇ ಬಕೆಟ್ ಹೇಳುತ್ತದೆ.

ಟ್ಯಾಂಕಿಗೆ ಹಾಕಿದ ಮೇಲೆ ಅಳೆಯುವ ಜಾಗ ಪಂಚಾಯಿತಿ ಕಚೇರಿಯ ನಳವಲ್ಲ. ಅದು ಸಾಮಾನ್ಯವಾಗಿ ಟ್ಯಾಂಕಿನ ಬುಡದಲ್ಲೇ ಇರುತ್ತದೆ. ಸಾಲಿನ ಕೊನೆಯ ಮನೆಗೆ, ನೀರು ಬಿಟ್ಟು ಹತ್ತು ನಿಮಿಷವಾದ ಮೇಲೆ ಹೋಗಬೇಕು. ಆ ಮನೆ ಬಹುತೇಕ ಊರ ಹೊರಗಿನ ಕೇರಿಯದೋ ತಾಂಡಾದ್ದೋ ಆಗಿರುತ್ತದೆ. ಅಲ್ಲಿ 0.2 ಸಿಗದಿದ್ದರೆ ಟ್ಯಾಂಕಿನಲ್ಲಿ ಪ್ರಮಾಣ ಹೆಚ್ಚಿಸುವ ಮೊದಲು ದಾರಿಯ ಪೈಪನ್ನು ನೋಡಬೇಕು. ಅಂಕಿ ಥಟ್ಟನೆ ಬಿದ್ದ ಓಣಿಯಲ್ಲೇ ಸೋರಿಕೆ ಇರುವ ಸಂಭವ ಹೆಚ್ಚು. ಬಕೆಟ್ ಪರೀಕ್ಷೆ ಕಾಲುವೆ ಹರಿಯುವಾಗ ತಿಂಗಳಿಗೊಮ್ಮೆ ಸಾಕು. ಏಪ್ರಿಲ್‌ನಿಂದ ವಾರಕ್ಕೊಮ್ಮೆ ಬೇಕು, ಏಕೆಂದರೆ ಕೆರೆ ಇಳಿದಂತೆಲ್ಲ ನೀರಿನ ಬೇಡಿಕೆ ಏರುತ್ತ ಹೋಗುತ್ತದೆ. ಕಾಲುವೆಗೆ ಮತ್ತೆ ನೀರು ಬಿಟ್ಟ ವಾರವಂತೂ ಹಳೆಯ ಅಂಕಿಗಳನ್ನೆಲ್ಲ ಪಕ್ಕಕ್ಕಿಡಬೇಕು: ತಿಂಗಳುಗಟ್ಟಲೆ ಒಣಗಿ ಬಿದ್ದ ಕಾಲುವೆಯ ತಳದಲ್ಲಿ ಏನೇನಿತ್ತೋ ಅದೆಲ್ಲವನ್ನೂ ಹೊತ್ತು ಮೊದಲ ನೀರು ಕೆರೆಗೆ ಬರುತ್ತದೆ.